ಹೊಸ ಮನೆ, ಬಾತ್‌ರೂಮ್ ನೀರು ಬಾಗಿಲ ಕಡೆ ಹರಿಯುತ್ತಿದೆ. ಕೊನೆ ಕಂತು ಕೊಡಲಾ, ಬೇಡವಾ?

ಥರ್ಟಿಫಾರ್ಟಿ
ಎಲ್ಲರಿಗೂ ನಮಸ್ಕಾರ. ಮೈಸೂರಿನ ರಿಂಗ್ ರೋಡ್ ಆಚೆ 30×40 ಸೈಟಿನಲ್ಲಿ 16 ಚದರದ (ಒಂದು ಚದರ ಅಂದರೆ 100 ಚದರಡಿ) ಮನೆ ಕಟ್ಟಿಸಿದ್ದೇನೆ. ಸಾಮಾನೂ ಸೇರಿ ಚದರಕ್ಕೆ 2 ಲಕ್ಷ 10 ಸಾವಿರದಂತೆ ಒಬ್ಬ ಕಂಟ್ರಾಕ್ಟರ್‌ಗೆ ವಹಿಸಿದ್ದೆ. ಹೋದ ತಿಂಗಳು ಗೃಹಪ್ರವೇಶ ಆಯಿತು. ಅವತ್ತೇ ಮರ್ಯಾದೆ ಹೋಯಿತು. ಬೆಳಗ್ಗೆ ನಾಲ್ಕಕ್ಕೆ ನೆಂಟರು ಮೇಲಿನ ಬಾತ್‌ರೂಮಿನಲ್ಲಿ ಸಾಲಾಗಿ ಸ್ನಾನ ಮಾಡಿದರು. ನೀರು ಹೊರಹೋಗುವ ನೆಲದ ಜಾಲಿ ಕಡೆ ಹೋಗಲೇ ಇಲ್ಲ. ಹೊಸಿಲು ದಾಟಿ ರೂಮಿಗೆ ಬಂತು, ಪುರೋಹಿತರ ಬ್ಯಾಗು ಒದ್ದೆಯಾಯಿತು. ಅವರು "ಗಂಗೆ ತಾನಾಗಿ ಬಂದಳು, ಶುಭ" ಅಂದರು. ನಾನು ನಕ್ಕೆ, ನನ್ನ ಹೆಂಡತಿ ನಗಲಿಲ್ಲ.

ಆಮೇಲೆ ಒಂದೊಂದೇ ಕಾಣಿಸಿತು. ಹಾಲ್‌ನಲ್ಲಿ ನಾಲ್ಕೈದು ಟೈಲ್ಸ್ ತಟ್ಟಿದರೆ ಡೊಳ್ಳು ಶಬ್ದ. ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು. ಮೇಲಿನ ಬೆಡ್‌ರೂಮಿನಲ್ಲಿ, ಬಾತ್‌ರೂಮಿಗೆ ಅಂಟಿದ ಗೋಡೆ ಒದ್ದೆ. ಪೇಂಟ್ ಉಬ್ಬಿ ಹಪ್ಪಳದ ಹಾಗೆ ಎದ್ದಿದೆ.

ಕಂಟ್ರಾಕ್ಟರ್ ಕೊನೆ ಕಂತು ಕೇಳುತ್ತಿದ್ದಾನೆ. 5 ಪರ್ಸೆಂಟ್, ಅಂದರೆ 1 ಲಕ್ಷ 68 ಸಾವಿರ. "ಹೊಸ ಮನೆಯಲ್ಲಿ ಇವೆಲ್ಲ ಇರುತ್ತೆ ಸಾರ್, ಒಂದು ಮಳೆಗಾಲ ಹೋದರೆ ಸೆಟ್ ಆಗುತ್ತೆ" ಅನ್ನುತ್ತಾನೆ. ಬಾತ್‌ರೂಮ್ ಪೂರ್ತಿ ಒಡೆಸಿಬಿಡೋಣ ಅಂತ ನಾನು. ನೀವೇನಂತೀರಿ?

ಜಯನಗರ ಹಳಬ
ಒಂದು ರೂಪಾಯಿಯೂ ಕೊಡಬೇಡಿ.

ಅಡ್ಜಸ್ಟ್ ಅಣ್ಣ
ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್. ಯಾರ ಮನೆ ನೂರಕ್ಕೆ ನೂರು ಸರಿ ಇರುತ್ತೆ? ನಮ್ಮನೆಯಲ್ಲಿ ವೈಪರ್ ಇಟ್ಟಿದ್ದೇವೆ. ಹತ್ತು ವರ್ಷ ಆಯಿತು.

ಗಾರೆ ಮೇಸ್ತ್ರಿ ಮಗಳು
ಹತ್ತು ವರ್ಷ ವೈಪರ್ ಎಳೆದದ್ದು ನೀವಾ, ಮನೆಯವರಾ?

ಹುಬ್ಬಳ್ಳಿ ಸೈಟ್ ಎಂಜಿನಿಯರ್
ಒಡೆಸಬೇಡ್ರಿ. ಇನ್ನೂ ಬೇಡ. ಗೋಡೆ ಒದ್ದೆ ಆಗಿರುವುದಕ್ಕೂ ನೀರು ಬಾಗಿಲಿಗೆ ಬರುವುದಕ್ಕೂ ಸಂಬಂಧ ಇದೆ ಅಂತ ನೀವು ಅಂದುಕೊಂಡಿದ್ದೀರಿ. ಇರಬಹುದು, ಇಲ್ಲದೆಯೂ ಇರಬಹುದು. ಕಾರಣ ಗೊತ್ತಾಗದೆ ಸುತ್ತಿಗೆ ಎತ್ತಿದರೆ ಎರಡು ಸಲ ಒಡೆಯಬೇಕಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಇದನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಮೊದಲು ಮೂರು ಪ್ರಶ್ನೆ. ಒದ್ದೆ ಕಲೆ ನೆಲದಿಂದ ಶುರುವಾಗಿದೆಯಾ, ನಡುವೆ ಎಲ್ಲೋ ಶುರುವಾಗಿದೆಯಾ? ಯಾರೂ ಸ್ನಾನ ಮಾಡದ ದಿನ ಕಲೆ ಒಣಗುತ್ತದೆಯಾ? ಬಿರುಕಿನೊಳಗೆ ಏನು ತೂರುತ್ತದೆ?

ಥರ್ಟಿಫಾರ್ಟಿ
ತೂರುವುದು ಅಂದರೆ?

ಹುಬ್ಬಳ್ಳಿ ಸೈಟ್ ಎಂಜಿನಿಯರ್
ಪರ್ಸಿನಿಂದ ಎಟಿಎಂ ಕಾರ್ಡ್ ತೆಗೆಯಿರಿ. ಅದರ ದಪ್ಪ ಮುಕ್ಕಾಲು ಮಿಲಿಮೀಟರ್. ಕಾರ್ಡಿನ ಅಂಚು ಬಿರುಕಿನೊಳಗೆ ಹೋದರೆ ನನಗೆ ಹೇಳಿ, ಆಗ ಯೋಚನೆ ಮಾಡೋಣ. ಉಗುರು ಕೂಡ ತಡೆಯದಷ್ಟು ಸಣ್ಣಗಿದ್ದರೆ ಅದು ಬಹುತೇಕ ಪ್ಲಾಸ್ಟರಿನ ಬಿರುಕು. ಗಾರೆಗೆ ನೀರು ಸಾಕಷ್ಟು ಹೊಡೆಯದಿದ್ದರೆ ಒಣಗುವಾಗ ಮೈ ಕುಗ್ಗಿ ಸೀಳುತ್ತದೆ. ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಬರುವುದು ಜಾಸ್ತಿ, ಗೋಡೆಯ ಎಳೆತವೆಲ್ಲ ಆ ಮೂಲೆಗೇ ಬಂದು ಕೂರುತ್ತದೆ. ಕಂಬ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ನೇರವಾಗಿ ಉದ್ದಕ್ಕೆ ಸೀಳಿದ್ದರೆ ಅಲ್ಲಿ ಮೆಶ್ ಹಾಕಿಲ್ಲ ಅಂತ ಅರ್ಥ. ಇವು ಚರ್ಮದ ಗಾಯ. ಕಂಬದಲ್ಲಿ, ಬೀಮಿನಲ್ಲಿ, ಮೋಲ್ಡಿನ (ಕಾಂಕ್ರೀಟ್ ಚಾವಣಿ) ಅಡಿಯಲ್ಲಿ ಬಿರುಕಿದ್ದರೆ ಮೂಳೆಯ ವಿಚಾರ. ಆಗ ಫೋಟೋ ನೋಡಿ ಇಲ್ಲಿ ಯಾರು ಏನು ಹೇಳಿದರೂ ಕೇಳಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಖುದ್ದಾಗಿ ಬಂದು ನೋಡಬೇಕು. ಬೇಕೆಂದರೆ ಕಾಂಕ್ರೀಟ್ ಗಟ್ಟಿ ಇದೆಯಾ ಅಂತ ನೋಡಲು ರೀಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸುತ್ತಾರೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಗೆರೆ ದಾಟಿ ಮುಂದೆ ಹೋದರೆ ಜೀವ ಇದೆ ಅಂತ.

ಐದನೇ ಮಹಡಿ
ನಾನು ಬೆಂಗಳೂರು, ಅಪಾರ್ಟ್‌ಮೆಂಟ್. ಇದಕ್ಕೆಲ್ಲ ರೇರಾ ಇದೆಯಲ್ಲ ಸಾರ್? 2016ರ ರಿಯಲ್ ಎಸ್ಟೇಟ್ ಕಾಯ್ದೆ, ಸೆಕ್ಷನ್ 14(3). ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷವೋ ಕೆಲಸದ ದೋಷವೋ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಇಲ್ಲದಿದ್ದರೆ ಪರಿಹಾರ ಕೊಡಬೇಕು. ನಮ್ಮ ಫ್ಲಾಟಿನಲ್ಲಿ ನಾಲ್ಕನೇ ವರ್ಷ ಹೊರಗೋಡೆಯಿಂದ ನೀರು ಬಂತು. ಬಿಲ್ಡರ್ ಕಡೆಯವರು "ವಾರಂಟಿ ಒಂದೇ ವರ್ಷ, ಅಗ್ರಿಮೆಂಟ್ ನೋಡಿ" ಅಂದರು. ನಾವು 23 ಮನೆಯವರು ಸೇರಿ ಆ ಸೆಕ್ಷನ್ ಬರೆದು ಈಮೇಲ್ ಹಾಕಿದೆವು. ಹಗ್ಗ ಕಟ್ಟಿಕೊಂಡು ಜನ ಬಂದರು, ಹೊರಗಿನಿಂದ ಎಲ್ಲ ಸಂದು ಮುಚ್ಚಿದರು. ರೇರಾ ಆಫೀಸಿನ ಮೆಟ್ಟಿಲು ಹತ್ತಬೇಕಾಗಲೇ ಇಲ್ಲ.

ಕಪ್ಪು ಕೋಟು
ನಿಮಗೆ ಸರಿ, ಇವರಿಗೆ ಆಗುವುದಿಲ್ಲ. ಇವರು ಮನೆ ಕೊಂಡಿಲ್ಲ, ಸ್ವಂತ ಸೈಟಿನಲ್ಲಿ ಕಟ್ಟಿಸಿದ್ದಾರೆ. ಮಾರುವವನ ಮೇಲೆ ರೇರಾ, ಕೂಲಿಗೆ ಕಟ್ಟಿಕೊಟ್ಟವನ ಮೇಲೆ ಅಲ್ಲ. ಅಪಾರ್ಟ್‌ಮೆಂಟ್ ಆದರೂ 500 ಚದರ ಮೀಟರ್ ಒಳಗಿನ ಜಾಗ ಅಥವಾ 8 ಫ್ಲಾಟ್ ಒಳಗಿನ ಕಟ್ಟಡ ಆಗಿದ್ದರೆ ನೋಂದಣಿಯೇ ಕಡ್ಡಾಯವಲ್ಲ. ಸಣ್ಣ ಕಟ್ಟಡದಲ್ಲಿ ಫ್ಲಾಟ್ ತೆಗೆದುಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ.

ಇವರ ದಾರಿ ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದೂ 'ಸೇವೆ' ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಡೆವಲಪ್‌ಮೆಂಟ್ ಅಥಾರಿಟಿ ಕೇಸಿನಲ್ಲಿ ಹೇಳಿದೆ. ಈಗಿನ 2019ರ ಕಾಯ್ದೆಯಲ್ಲಿ ಹೌಸಿಂಗ್ ಕನ್‌ಸ್ಟ್ರಕ್ಷನ್ ಅನ್ನುವ ಪದವೇ ಇದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಹೋಗಬೇಕು. "ಮಳೆಗಾಲ ಹೋಗಲಿ, ದೀಪಾವಳಿ ಹೋಗಲಿ" ಅಂತ ಕೂತವರು ಅಲ್ಲೇ ಸೋಲುತ್ತಾರೆ.

ಆದರೆ ಕೋರ್ಟು ಕೊನೆಗೆ. ಈಗ ಒಂದು ಕಾಗದ ಬರೆಯಿರಿ. ಬೈಗುಳ ಬೇಡ. ಯಾವ ರೂಮು, ಯಾವ ಗೋಡೆ, ಏನು ತೊಂದರೆ, ಯಾವ ದಿನ ಕಂಡಿತು, ಅಷ್ಟೇ. ಫೋಟೋ ಜೊತೆಗೆ ವಾಟ್ಸಾಪ್‌ನಲ್ಲೂ ಹಾಕಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಫೋನಿನಲ್ಲಿ ಅವನು "ಮಾಡ್ಕೊಡ್ತೀನಿ ಸಾರ್" ಅಂದದ್ದಕ್ಕೆ ಬೆಲೆ ಇಲ್ಲ. ಕೊನೆ ಕಂತಿನ ಬಗ್ಗೆ ಅಗ್ರಿಮೆಂಟಿನಲ್ಲಿ ಏನಿದೆ?

ಥರ್ಟಿಫಾರ್ಟಿ
"ಕೆಲಸ ಸಂಪೂರ್ಣವಾಗಿ ಮುಗಿದ ನಂತರ" ಅಂತಿದೆ. ಅಗ್ರಿಮೆಂಟ್ ಇರುವುದೇ ಒಂದೂವರೆ ಪುಟ.

ಬಿರುಕಿಗೆ ಕಾರ್ಡ್ ಹೋಗುವುದಿಲ್ಲ. ಪೇಪರ್ ಕೂಡ ಹೋಗಲಿಲ್ಲ. ಗೆರೆ ಎಳೆದಿದ್ದೇನೆ. ಒದ್ದೆ ಕಲೆ ನೆಲದಿಂದ ಒಂದಡಿ ಮೇಲೆ ಶುರುವಾಗಿ ಮೂರಡಿವರೆಗೆ ಇದೆ. ಸ್ನಾನ ಮಾಡದ ದಿನ ಅಂತ ಗಮನಿಸಿಲ್ಲ.

ಗಾರೆ ಮೇಸ್ತ್ರಿ ಮಗಳು
ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು. ಬಾತ್‌ರೂಮ್ ವಾಟ, ಅಂದರೆ ನೆಲದ ಇಳಿಜಾರು, ಸರಿ ಇಲ್ಲ ಅಂದರೆ ಜನ ಮೊದಲು ಟೈಲ್ಸ್‌ನವನನ್ನು ಬೈಯುತ್ತಾರೆ. ಅವನು ಬರುವುದು ಕೊನೆಗೆ. ಅವನಿಗಿಂತ ಮೊದಲು ಪ್ಲಂಬರ್ ಬಂದು ಜಾಲಿಯ ಕೆಳಗಿನ ನೀರು ಹೋಗುವ ಬಾಯಿ, ನೆಲದ ಟ್ರ್ಯಾಪ್, ಕೂರಿಸಿ ಹೋಗಿರುತ್ತಾನೆ. ಟ್ರ್ಯಾಪ್ ಅರ್ಧ ಇಂಚು ಎತ್ತರಕ್ಕೆ ಕೂತರೆ ಟೈಲ್ಸ್‌ನವನು ಎಲ್ಲಿಂದ ವಾಟ ತರಬೇಕು? ಬಾಗಿಲ ಕಡೆ ಎತ್ತರಿಸಿದರೆ ಹೊಸಿಲು ಮುಚ್ಚುತ್ತದೆ. ಅವನಿಗೆ ಅಡಿ ಲೆಕ್ಕದಲ್ಲಿ ಕೂಲಿ. ನಿಂತು ಪ್ಲಂಬರನ್ನು ಕರೆಸಿ ತಗ್ಗಿಸಿ ಕೂರಿಸಿ ಅಂತ ಹೇಳಿದರೆ ಅವತ್ತಿನ ಊಟ ಹೋಯಿತು. ಹೇಗೋ ಹೊಂದಿಸಿ ಹೋಗುತ್ತಾನೆ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಬೇಕಾದವನು ಮೇಸ್ತ್ರಿ, ಮೇಸ್ತ್ರಿಗೆ ಹೇಳಬೇಕಾದವನು ಕಂಟ್ರಾಕ್ಟರ್. ತಪ್ಪು ಅಲ್ಲಿದೆ.

ಇನ್ನೊಂದು. ಟೈಲ್ಸ್ ಸೈಜ್ ಎಷ್ಟು?

ಥರ್ಟಿಫಾರ್ಟಿ
ಎರಡಡಿ ಎರಡಡಿ.

ಗಾರೆ ಮೇಸ್ತ್ರಿ ಮಗಳು
ಬಾತ್‌ರೂಮ್ ನೆಲಕ್ಕಾ? ಯಾರು ಆರಿಸಿದ್ದು?

ಥರ್ಟಿಫಾರ್ಟಿ
...ನಾವೇ. ಒಂದಡಿಯ ಒರಟು ಟೈಲ್ಸ್ ಅಂತ ಮೊದಲು ಹೇಳಿದ್ದರು. ಶೋರೂಮಿನಲ್ಲಿ ದೊಡ್ಡದು ಚೆನ್ನಾಗಿ ಕಂಡಿತು. ಕೆಲಸ ಶುರುವಾಗುವ ಹಿಂದಿನ ದಿನ ಬದಲಾಯಿಸಿದೆವು.

ಹುಬ್ಬಳ್ಳಿ ಸೈಟ್ ಎಂಜಿನಿಯರ್
ಅರ್ಧ ಉತ್ತರ ಸಿಕ್ಕಿತು ನೋಡ್ರಿ. ನಾಲ್ಕು ಕಡೆಯಿಂದ ಒಂದು ಮೂಲೆಯ ಜಾಲಿಗೆ ನೀರು ಇಳಿಯಬೇಕಾದರೆ ನೆಲ ತಟ್ಟೆಯ ಹಾಗೆ ಬಾಗಬೇಕು. ಸಣ್ಣ ಟೈಲ್ಸ್ ಆ ಬಾಗಿಗೆ ಹೊಂದುತ್ತದೆ, ದೊಡ್ಡದು ಹೊಂದುವುದಿಲ್ಲ. 80 ಅಡಿಗೆ ಒಂದಡಿ ಅನ್ನುವ ಲೆಕ್ಕದಲ್ಲಿ ವಾಟ ಕೊಡುತ್ತೇವೆ. ನಿಮ್ಮ ಬಾತ್‌ರೂಮ್ 8 ಅಡಿ ಉದ್ದ ಇದ್ದರೆ ಒಂದೂಕಾಲು ಇಂಚು ಇಳಿಜಾರು ಬೇಕು. ಒಂದು ಬಕೆಟ್ ನೀರು ಚೆಲ್ಲಿ, ಹತ್ತು ನಿಮಿಷ ಬಿಟ್ಟು ಎಲ್ಲೆಲ್ಲಿ ನಿಂತಿದೆ ಅಂತ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ರಸಮಟ್ಟ (ಸ್ಪಿರಿಟ್ ಲೆವೆಲ್) ಇದ್ದರೆ ಅದನ್ನೂ ಇಟ್ಟು ಫೋಟೋ ತೆಗೆಯಿರಿ.

ಆಮೇಲೆ ಜಾಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆ ತುರುಕಿ, ಹೊಸಿಲಿಗೆ ಸಣ್ಣ ಗಾರೆ ಕಟ್ಟೆ ಕಟ್ಟಿ, ಒಂದಿಂಚು ನೀರು ನಿಲ್ಲಿಸಿ. ಗೋಡೆಗೆ ಪೆನ್ಸಿಲ್ ಗುರುತು. 24 ಗಂಟೆ. ಕೆಳಗಿನ ರೂಮಿನ ಸೀಲಿಂಗ್ ನೋಡಿ.

ಕರಾವಳಿ ಮನೆ
ನಮ್ಮ ಮಂಗಳೂರು ಕಡೆ ಬಾತ್‌ರೂಮಿಗಿಂತ ಕಿಟಕಿಯದ್ದೇ ದೊಡ್ಡ ರಗಳೆ. ಜೂನ್‌ನಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ ಮಾರಾಯ್ರೆ, ಪಕ್ಕದಿಂದ ಹೊಡೆಯುತ್ತದೆ. ಕಿಟಕಿ ಮೇಲೆ ಚಾಚಿದ ಸಜ್ಜಾದ ಅಡಿಯಲ್ಲಿ ನೀರು ಹನಿದು ಬೀಳಲು ಒಂದು ಸಣ್ಣ ಕಾಲುವೆ ಬಿಡಬೇಕು. ಬಿಡದಿದ್ದರೆ ನೀರು ಸಜ್ಜಾದ ಹೊಟ್ಟೆ ಹಿಡಿದುಕೊಂಡೇ ಗೋಡೆಗೆ ಬಂದು ಚೌಕಟ್ಟಿನ ಸಂದಿಗೆ ಇಳಿಯುತ್ತದೆ. ನಮ್ಮ ಕಂಟ್ರಾಕ್ಟರ್ ಮುರಕಲ್ಲಿನ ಗೋಡೆ ಚೆಂದವಾಗಿ ಕಟ್ಟಿದ, ಈ ಬೆರಳಗಲದ ಕಾಲುವೆ ಮರೆತ. ಆರು ಕಿಟಕಿಗೂ ಹಾಸಿಗೆ ಬಟ್ಟೆ ಒತ್ತಿ ಮಲಗಿದ್ದೇವೆ. ಈಗ ಎಲ್ಲರಿಗೂ ಹೇಳುವುದು ಒಂದೇ, ಮಳೆ ಬರುವ ಮೊದಲು ಹೋಸ್ ಪೈಪಿನಲ್ಲಿ ಒಂದೊಂದು ಕಿಟಕಿಗೂ ಅರ್ಧ ಗಂಟೆ ನೀರು ಹೊಡೆದು ನೋಡಿ. ತಾರಸಿಗೂ ನೀರು ಬಿಟ್ಟು ನೋಡಿ. ಟಾರ್ಚ್ ಹಿಡಿದು ಒಳಗೆ ಒಬ್ಬರು ನಿಂತಿರಲಿ.

ಕರೆಂಟ್ ಕೃಷ್ಣ
ನೀರಿನ ಗಲಾಟೆಯಲ್ಲಿ ಕರೆಂಟ್ ಮರೆತಿದ್ದೀರಿ ಎಲ್ಲರೂ. ಸೋರುವ ನೀರು ಪೇಂಟ್ ಹಾಳು ಮಾಡುತ್ತದೆ, ಸೋರುವ ಕರೆಂಟ್ ಮನುಷ್ಯನನ್ನು ಹಾಳು ಮಾಡುತ್ತದೆ. ಮೂರು ಪಿನ್ನಿನ ಸಾಕೆಟ್ ಟೆಸ್ಟರ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಪ್ರತಿ ಪ್ಲಗ್ಗಿಗೂ ಹಾಕಿ ನೋಡಿ. ಅರ್ತಿಂಗ್ ಇದೆಯಾ, ಲೈನ್ ನ್ಯೂಟ್ರಲ್ ಅದಲು ಬದಲಾಗಿದೆಯಾ ಅಂತ ದೀಪವೇ ಹೇಳುತ್ತದೆ. ಗೀಸರ್ ಪಾಯಿಂಟ್ ಮೊದಲು. ಹೊಸ ಮನೆಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದು: ಅಂಗಳದಲ್ಲಿ ಅರ್ತಿಂಗ್ ಗುಂಡಿ ಇರುತ್ತದೆ, ಮುಚ್ಚಳವೂ ಇರುತ್ತದೆ, ಬೋರ್ಡಿನಿಂದ ತಂತಿ ಮಾತ್ರ ಅಲ್ಲಿಗೆ ಹೋಗಿರುವುದಿಲ್ಲ.

30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್, ಇದೆಯಾ ನೋಡಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ಠಪ್ ಅಂತ ಬೀಳಬೇಕು. ಬಿದ್ದ ಮಾತ್ರಕ್ಕೆ ಅರ್ತಿಂಗ್ ಸರಿ ಇದೆ ಅಂತಲ್ಲ. ಅದು ಬೇರೆ, ಇದು ಬೇರೆ.

ನ್ಯೂಜೆರ್ಸಿ ನಾಗ
ಇಲ್ಲಿ ಹೊಸ ಮನೆಗೆ ಬಿಲ್ಡರ್ ವಾರಂಟಿ ಕಾನೂನಿನಲ್ಲೇ ಇದೆ. ಕೆಲಸದ ದೋಷಕ್ಕೆ 1 ವರ್ಷ, ಪ್ಲಂಬಿಂಗ್ ವೈರಿಂಗ್‌ಗೆ 2 ವರ್ಷ, ದೊಡ್ಡ ಸ್ಟ್ರಕ್ಚರಲ್ ದೋಷಕ್ಕೆ 10 ವರ್ಷ. ಹಾಗಂತ ಇಲ್ಲಿ ತಪ್ಪೇ ಆಗಲ್ಲ ಅಂತಲ್ಲ. ನಮ್ಮ ಬಾಗಿಲು ಮೂರು ಸಲ ಬದಲಾಯಿಸಿದರು, ಈಗಲೂ ಚಳಿಗಾಲದಲ್ಲಿ ಅಂಟುತ್ತದೆ.

ಥರ್ಟಿಫಾರ್ಟಿ
ಅಪ್‌ಡೇಟ್. ಸ್ವಲ್ಪ ಉದ್ದ ಇದೆ.

ನೀರು ನಿಲ್ಲಿಸಿ 24 ಗಂಟೆ ಬಿಟ್ಟೆ. ಗುರುತಿನಿಂದ ಕೂದಲೆಳೆಯಷ್ಟು ಇಳಿದಿತ್ತು, ಅದು ಆವಿಯಾಗಿದ್ದು ಇರಬೇಕು. ಕೆಳಗಿನ ಸೀಲಿಂಗ್ ಒಣಗಿದೆ. ಅಂದರೆ ವಾಟರ್‌ಪ್ರೂಫಿಂಗ್ ಸರಿ ಇದೆ. ಒಡೆಸಿದ್ದರೆ ಆ ಒಳ್ಳೆಯ ಕೆಲಸವೂ ಹೋಗುತ್ತಿತ್ತು.

ಆಮೇಲೆ ನಾಲ್ಕು ದಿನ ನಂಜನಗೂಡಿಗೆ ಅತ್ತೆ ಮನೆಗೆ ಹೋಗಿದ್ದೆವು. ವಾಪಸ್ ಬಂದು ನೋಡಿದರೆ ಒದ್ದೆ ಕಲೆ ಅಂಗೈಯಗಲ ಜಾಸ್ತಿ ಆಗಿದೆ! ಮನೆಯಲ್ಲಿ ಯಾರೂ ಇಲ್ಲ, ಸ್ನಾನವಿಲ್ಲ.

ಟೆಸ್ಟರ್ ತಂದೆ. ಕೃಷ್ಣ ಅವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕಾ ಬೇವು ಹಾಕಬೇಕಾ ಗೊತ್ತಿಲ್ಲ. ಮೇಲಿನ ಮಹಡಿಯ ಒಂದು ಪ್ಲಗ್ಗಿಗೂ ಅರ್ತಿಂಗ್ ಇಲ್ಲ. ಗೀಸರ್ ಬಂದ್ ಮಾಡಿದ್ದೇವೆ.

ಹುಬ್ಬಳ್ಳಿ ಸೈಟ್ ಎಂಜಿನಿಯರ್
ಬಳಸಿದ ನೀರು ಅಲ್ಲ, ಬರುವ ನೀರು. ಟ್ಯಾಂಕಿನಿಂದ ಇಳಿಯುವ ಪೈಪ್ ಗೋಡೆಯೊಳಗೆ ಎಲ್ಲೋ ಸೋರುತ್ತಿದೆ. ನೀವು ಇರಲಿ ಬಿಡಲಿ, ಅದರಲ್ಲಿ ಒತ್ತಡ ಇದ್ದೇ ಇರುತ್ತದೆ. ಪ್ಲಂಬರಿಗೆ ಹೇಳಿ ತಣ್ಣೀರು, ಬಿಸಿನೀರು ಲೈನ್ ಬೇರೆ ಬೇರೆ ಮಾಡಿ ಪ್ರೆಶರ್ ಟೆಸ್ಟ್ ಮಾಡಿಸಿ. ಗೇಜ್ ಮುಳ್ಳು ಇಳಿದ ಲೈನ್ ಕಳ್ಳ.

ಥರ್ಟಿಫಾರ್ಟಿ
ಕಳ್ಳ ಸಿಕ್ಕಿದ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ತಣ್ಣೀರು ಲೈನಿಗೆ 6 ಕೆಜಿ ಒತ್ತಡ ಕೊಟ್ಟರು. ಅರ್ಧ ಗಂಟೆಯಲ್ಲಿ ಮುಳ್ಳು 4ಕ್ಕೆ ಬಂತು. ಬಿಸಿನೀರು ಅಲ್ಲಾಡಲಿಲ್ಲ. ಬೆಡ್‌ರೂಮ್ ಕಡೆಯಿಂದ, ಕಲೆ ಹೆಚ್ಚು ಕಪ್ಪಾಗಿರುವ ಜಾಗದಲ್ಲಿ ಒಂದಡಿ ಗಾರೆ ಕೆತ್ತಿದರು. ಒದ್ದೆ ಗಾರೆ ಬೆಲ್ಲದ ಹಾಗೆ ಉದುರಿತು. ಬಿಳಿ ಪೈಪ್ ಕಂಡಿತು. ಅದರ ನಡುಮಧ್ಯೆ ಒಂದು ಸ್ಕ್ರೂ. ತುದಿ ತುಕ್ಕು ಹಿಡಿದು ಕೆಂಪಾಗಿತ್ತು, ಅದರ ಸುತ್ತ ನೀರು ಬೆವರಿನ ಹಾಗೆ ಒಸರುತ್ತಿತ್ತು.

ವಾರ್ಡ್‌ರೋಬಿನ ಸ್ಕ್ರೂ. ವಾರ್ಡ್‌ರೋಬ್ ಮಾಡಿಸಿದ್ದು ಕಂಟ್ರಾಕ್ಟರ್ ಅಲ್ಲ. ನಾನೇ ಬೇರೆ ಬಡಗಿಯನ್ನು ಕರೆಸಿದ್ದೆ, ಚದರಡಿಗೆ ನೂರು ರೂಪಾಯಿ ಕಡಿಮೆ ಅಂತ. ಸ್ಕ್ರೂ ಹೊಡೆದಾಗ ಅದೇ ತೂತನ್ನು ಅದೇ ಮುಚ್ಚಿಕೊಂಡಿತ್ತಂತೆ. ತುಕ್ಕು ಹಿಡಿದ ಮೇಲೆ ಸೋರಲು ಶುರು. ಒಂದು ತಿಂಗಳಿಂದ ಕಂಟ್ರಾಕ್ಟರ್‌ಗೆ ನಾನು ಬೈದದ್ದೆಲ್ಲ ಮುಖ್ಯವಾಗಿ ಈ ಗೋಡೆಗೇ.

ಅಡ್ಜಸ್ಟ್ ಅಣ್ಣ
😀

ಕಪ್ಪು ಕೋಟು
ಆಗಲೇ ಲೀಗಲ್ ನೋಟಿಸ್ ಕಳಿಸಿದ್ದರೆ ಮೊದಲ ಸಾಲಿನಲ್ಲೇ ಈ ಗೋಡೆ ಇರುತ್ತಿತ್ತು. ಎದುರಿನ ವಕೀಲ ಆ ಸ್ಕ್ರೂ ಒಂದನ್ನೇ ಹಿಡಿದು ಉಳಿದದ್ದನ್ನೆಲ್ಲ ತೇಲಿಸಿಬಿಡುತ್ತಿದ್ದ.

ಹುಬ್ಬಳ್ಳಿ ಸೈಟ್ ಎಂಜಿನಿಯರ್
ಕಟ್ಟಿಸುತ್ತಿರುವವರು ಕೇಳಿಸಿಕೊಳ್ಳಿ. ಪ್ಲಾಸ್ಟರ್ ಮಾಡುವ ಮುಂಚೆ ಪ್ರತಿ ಗೋಡೆಯ ಪೈಪು, ವೈರ್ ಕೊಳವೆಗಳ ಫೋಟೋ ತೆಗೆಯಿರಿ. ಪಕ್ಕದಲ್ಲಿ ಟೇಪ್ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ. ಪ್ರೆಶರ್ ಟೆಸ್ಟ್ ಕೂಡ ಆಗಲೇ. ಬಡಗಿ ಬಂದಾಗ ಮೊಬೈಲ್ ತೋರಿಸಿದರೆ ಸಾಕು.

ಥರ್ಟಿಫಾರ್ಟಿ
ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಸ್ಕ್ರೂ ವಿಷಯ ಹೇಳಿದೆ. ತಪ್ಪು ನನ್ನದು ಅಂದೆ. ಒಂದು ನಿಮಿಷ ಸುಮ್ಮನಿದ್ದ. ಆಮೇಲೆ "ನಾಳೆ ಬರ್ತೀನಿ ಸಾರ್" ಅಂದ, ನಿಜವಾಗಿ ಬಂದ! ಒಂದು ತಿಂಗಳಲ್ಲಿ ಮೊದಲ ಸಲ. ನಾನು ಪಟ್ಟಿ ಬರೆದು ಇಟ್ಟಿದ್ದೆ. ಸೀಮೆಸುಣ್ಣದ ಸುತ್ತುಗಳನ್ನು ತೋರಿಸಿದೆ. ಜಾಲಿ ಬಿಚ್ಚಿ ನೋಡಿದ. ಟ್ರ್ಯಾಪ್ ಮುಕ್ಕಾಲು ಇಂಚು ಮೇಲಿದೆ ಅಂತ ಅವನೇ ಒಪ್ಪಿಕೊಂಡ. ಅರ್ತಿಂಗ್ ವಿಷಯಕ್ಕೆ ಮಾತ್ರ ಎಲೆಕ್ಟ್ರಿಷಿಯನ್‌ಗೆ ನನ್ನೆದುರೇ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಅವತ್ತು ಸಂಜೆಯೇ ತಂತಿ ಎಳೆದರು. ಟೆಸ್ಟರ್ ಹಾಕಿ ಪ್ರತಿ ಪ್ಲಗ್ ನಾನೇ ನೋಡಿದೆ.

ಬಾತ್‌ರೂಮ್ ನೆಲ ಮಾತ್ರ ಎತ್ತಿಸಿ ಟ್ರ್ಯಾಪ್ ತಗ್ಗಿಸುವುದು, ಆ ಜಾಗಕ್ಕೆ ಹೊಸದಾಗಿ ವಾಟರ್‌ಪ್ರೂಫಿಂಗ್ ಬಳಿದು ಮತ್ತೆ 24 ಗಂಟೆ ನೀರು ನಿಲ್ಲಿಸುವುದು, ಆಮೇಲೆ ಒಂದಡಿಯ ಟೈಲ್ಸ್. ಕೂಲಿ ಅವನದು, ಟೈಲ್ಸ್ ದುಡ್ಡು ನಮ್ಮದು. ಗೋಡೆ ರಿಪೇರಿ ಪೂರ್ತಿ ನಮ್ಮದು. ಎಲ್ಲ ಬರೆದು ಇಬ್ಬರೂ ಸಹಿ ಹಾಕಿದೆವು. 1 ಲಕ್ಷ 68 ಸಾವಿರದಲ್ಲಿ ಕೆಲಸ ಮುಗಿದ ದಿನ 1 ಲಕ್ಷ 20 ಸಾವಿರ. ಉಳಿದ 48 ಸಾವಿರ ದಸರಾ ಆದಮೇಲೆ, ಮಳೆ ನೋಡಿಕೊಂಡು.

ಜಯನಗರ ಹಳಬ
ಟೈಲ್ಸ್ ದುಡ್ಡು ಯಾಕೆ ಕೊಟ್ಟಿರಿ? ವಾಟ ಅವನ ಜವಾಬ್ದಾರಿ.

ಗಾರೆ ಮೇಸ್ತ್ರಿ ಮಗಳು
ಹಿಂದಿನ ದಿನ ಸೈಜ್ ಬದಲಾಯಿಸಿದ್ದು ಯಾರು ಸಾರ್? ನನಗೇನೋ ಸರಿಯಾಗಿಯೇ ಹಂಚಿಕೊಂಡಿದ್ದಾರೆ ಅನಿಸಿತು. ಹಾಲ್‌ನಲ್ಲಿ ಡೊಳ್ಳು ಬಾರಿಸುವ ಟೈಲ್ಸ್ ಏನಾಯಿತು?

ಥರ್ಟಿಫಾರ್ಟಿ
ನಾಣ್ಯದಲ್ಲಿ ತಟ್ಟಿ ಗುರುತು ಹಾಕಿದೆವು, ಒಟ್ಟು ಐದು. ಓಡಾಡುವ ದಾರಿಯಲ್ಲಿದ್ದ ಮೂರನ್ನು ಬದಲಾಯಿಸಿದರು. ಅದೇ ಬ್ಯಾಚಿನ ಟೈಲ್ಸ್ ಅಷ್ಟೇ ಉಳಿದಿದ್ದು. ಬೇರೆ ಬ್ಯಾಚ್ ತಂದರೆ ಬಣ್ಣ ಹೊಂದುವುದಿಲ್ಲವಂತೆ. ಗೋಡೆ ಪಕ್ಕದ ಎರಡರ ಮೇಲೆ ದಿವಾನ್ ಇಟ್ಟಿದ್ದೇವೆ.

ಹುಬ್ಬಳ್ಳಿ ಸೈಟ್ ಎಂಜಿನಿಯರ್
ಕಿಟಕಿ ಬಿರುಕು?

ಥರ್ಟಿಫಾರ್ಟಿ
ಪೆನ್ಸಿಲ್ ಗೆರೆ ದಾಟಿಲ್ಲ. ಆದರೆ ಪೇಂಟರ್ ಬಂದು ಗೆರೆ, ತಾರೀಖು ಎಲ್ಲ ನೀಟಾಗಿ ಅಳಿಸಿ ಹೋಗಿದ್ದ. ಮತ್ತೆ ಎಳೆದಿದ್ದೇನೆ. ಈ ಸಲ ಫೋಟೋ ಇದೆ.